ಇಂಗ್ಲಿಷ್ ರಾಣಿಯ ಸಾರಥಿ

ನಮ್ಮ ಕಾನ್ವೆಂಟಿನಲ್ಲಿ ಕಡೆಯ ಕ್ಲಾಸಿನ ಇಂಗ್ಲಿಷ್ ಪರೀಕ್ಷೆಯನ್ನು ಕಾಗದದ ಮೇಲೆ ಬರೆಸುತ್ತಿರಲಿಲ್ಲ, ಸ್ಟೇಜಿನ ಮೇಲೆ ಆಡಿಸುತ್ತಿದ್ದರು. ಮೊಮ್ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ. "ಗ್ರಾಮರ್ ಟೆಸ್ಟು, ಅದೂ ನಾಟಕದಾಗ? ಹೆಂಗ ಅಜ್ಜೀ?" ಎಂದು ನಗುತ್ತಾರೆ.

ಹೆಂಗ ಅಂದರೆ, ಅದಕ್ಕೆ ನಮ್ಮ ಸಿಸ್ಟರೇ ಕಾರಣ. ಐರ್ಲೆಂಡಿನಿಂದ ಬಂದವರು. ಆದವಾನಿಯ ಬಿಸಿಲಿನಲ್ಲಿ ಹತ್ತು ವರ್ಷ ಕಳೆದರೂ ಅವರ ಮೂಗಿನ ತುದಿ ಸುಲಿಯುವುದು ನಿಂತಿರಲಿಲ್ಲ. ಒಂದು ಸಲ ಕಲೆಕ್ಟರ್ ದೊರೆಯ ಹೆಂಡತಿ ಶಾಲೆ ನೋಡಲು ಬಂದಳು. ಸಾಲಾಗಿ ನಿಂತ ನಮ್ಮನ್ನು ಒಬ್ಬೊಬ್ಬರನ್ನೇ "ಹೌ ಆರ್ ಯೂ, ಮೈ ಡಿಯರ್?" ಎಂದು ಕೇಳುತ್ತ ಹೋದಳು. ಪ್ಯಾಸಿವ್ ವಾಯ್ಸು, ರಿಪೋರ್ಟೆಡ್ ಸ್ಪೀಚು ಎಲ್ಲವನ್ನೂ ತಪ್ಪಿಲ್ಲದೆ ಬರೆಯುವ ನಾವು ಹದಿನಾಲ್ಕು ಮಂದಿ ಕೈಯಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಒತ್ತಿಕೊಂಡೆವು. ಆವತ್ತು ಸಂಜೆ ಸಿಸ್ಟರು ಮೇಜಿನ ಮೇಲಿದ್ದ ಮಸಿಕುಡಿಕೆಯನ್ನು ಎತ್ತಿ ತೋರಿಸಿ, "ಗರ್ಲ್ಸ್, ಇಂಗ್ಲಿಷ್ ಇದರೊಳಗಿಲ್ಲ. ಇನ್ನುಮೇಲೆ ಇದರೊಳಗೆ ಹುಡುಕಬೇಡಿ" ಎಂದರು.

ಮರುವರ್ಷದಿಂದ ನಾಟಕ ಶುರುವಾಯಿತು. ಅವರೇ ಬರೆಯುತ್ತಿದ್ದರು. ನಮಗೆ ಕೊಡುವ ಪ್ರತಿಯಲ್ಲಿ ಒಂದೊಂದು ಮಾತಿನಲ್ಲೂ ಒಂದು ವರ್ಬ್ ಇರುತ್ತಿರಲಿಲ್ಲ, ಆ ಜಾಗದಲ್ಲಿ ಒಂದು ಗೀಟು. ಆಟದ ದಿನ ಸಿಸ್ಟರು ಸ್ಟೇಜಿನ ಕೆಳಗೆ ಮುಕ್ಕಾಲಿಯ ಮೇಲೆ ಕೂತು, ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದ ವರ್ಬನ್ನು ಎತ್ತಿ ಹಿಡಿಯುವರು. ಪಾತ್ರ ಮಾಡುವವಳು ಅದನ್ನು ನೋಡಿದ ಕ್ಷಣವೇ ಸರಿಯಾದ ಟೆನ್ಸಿಗೆ ತಿರುಗಿಸಿ ಮಾತು ಮುಗಿಸಬೇಕು. ವ್ಯಾಕರಣ ಸರಿಯಿದ್ದು ಮುಖ ತಪ್ಪಿದರೆ ಅರ್ಧ ಮಾರ್ಕು. "ಇಫ್ ಓನ್ಲಿ ಐ ಹ್ಯಾಡ್ ನೋನ್" ಎಂದು ಹಲ್ಲು ಕಿರಿದುಕೊಂಡು ಹೇಳಿದವಳಿಗೆ ಸಿಸ್ಟರು, "ನಿನಗೆ ಗೊತ್ತಿರಲಿಲ್ಲ ಅಂತ ಇಷ್ಟು ಸಂತೋಷವೇ, ಚೈಲ್ಡ್?" ಎಂದು ಕೇಳಿದ್ದು ನನಗೆ ಇನ್ನೂ ನೆನಪಿದೆ. ಯಾರಾದರೂ ಮಗ್ಗುಲಿಂದ ಹೇಳಿಕೊಟ್ಟರೆ ಆ ಪಾತ್ರಕ್ಕೆ ಸೊನ್ನೆ.

ಶಬ್ದಗಳ ಪರೀಕ್ಷೆಯೂ ಹಾಗೇ. ಚೀಟಿಯಲ್ಲಿ ಒಂದು ಶಬ್ದ ಬರುತ್ತಿತ್ತು. ಬಾಯಿ ತೆಗೆಯದೆ ಅದನ್ನು ಆಡಿ ತೋರಿಸಬೇಕು, ಉಳಿದವರು ಹೇಳಬೇಕು. ಒಮ್ಮೆ ನನ್ನ ಗೆಳತಿಗೆ 'ಪೈನ್' ಎಂಬ ಶಬ್ದ ಬಂತು. ಹಂಬಲಿಸಿ ಸೊರಗುವುದು. ಅವಳಿಗಿಂತ ಮುಂಚೆ 'ಗ್ರೀವ್' ಬಂದ ಹುಡುಗಿ ಎದೆ ಬಡಿದುಕೊಂಡು ಅತ್ತು ಮುಗಿಸಿದ್ದಳು. ಇವಳು ಏನೂ ಮಾಡಲಿಲ್ಲ. ಬಂದು ನೆಲದ ಮೇಲೆ ಕೂತಳು. ತೊಡೆಯ ಮೇಲೆ ಒಂದು ಬಟ್ಟೆಗಂಟು ಇದೆ ಅನ್ನುವ ಹಾಗೆ ಕೈ ಇಟ್ಟುಕೊಂಡಳು. ಆ ಇಲ್ಲದ ಗಂಟನ್ನು ಈ ತೊಡೆಯಿಂದ ಆ ತೊಡೆಗೆ ಸರಿಸಿದಳು. ಅದರ ಕಟ್ಟು ಬಿಗಿ ಮಾಡಿದಳು, ಮತ್ತೆ ಸಡಿಲಿಸಿದಳು. ಸಿಸ್ಟರೇ ಮೆಲ್ಲಗೆ, "ಟು ಪೈನ್" ಎಂದರು.

ಆಮೇಲೆ ಕೇಳಿದೆ, "ಏನಲೇ ಅದು, ಗಂಟು ಹಿಡಕೊಂಡು ಕುಂತಿದ್ದಿ?"

"ಹರಿಗೋಲು ತಪ್ಪಿದೋರನ್ನ ನೀ ನೋಡೇ ಇಲ್ಲೇನು?" ಅಂದಳು. "ನಮ್ಮೂರಾಗ ಹೊಳಿ ದಂಡೀಗೆ ಕುಂತಿರ್ತಾರ. ಹರಿಗೋಲು ಆಚಿ ದಂಡೀಗೆ ಹೋಗಿಬಿಟ್ಟಿರ್ತೈತಿ. ಅವರು ಹೊಳಿ ಕಡಿ ನೋಡೂದಿಲ್ಲ ಬೇ. ತಮ್ಮ ಗಂಟು ನೋಡ್ಕೋತ ಕುಂದರ್ತಾರ."

ಅವಳ ಊರು ತುಂಗಭದ್ರೆಯ ದಂಡೆಯ ನಾಗಲದಿನ್ನೆ. ಕುರಿ ಸಾಕುವ ಮನೆತನ. ಅಪ್ಪ ಸತ್ತ ಮೇಲೆ ಅವಳವ್ವ ಸಿಸ್ಟರುಗಳ ಅಡಿಗೆಮನೆಗೆ ಕೆಲಸಕ್ಕೆ ಬಂದಿದ್ದಳು. ಮಗಳಿಗೆ ಅಲ್ಲೇ ಊಟ, ಅಲ್ಲೇ ಓದು. ನನ್ನದು ಹತ್ತಿ ವ್ಯಾಪಾರದ ಮನೆ, ವಿಭೂತಿ, ಲಿಂಗಪೂಜೆ, ಮಡಿ. ಬಿಳಿ ದೊರೆಗಳ ಜೊತೆ ವ್ಯವಹಾರ ಮಾಡುತ್ತಿದ್ದ ಅಪ್ಪನಿಗೆ ಮಗಳು ಇಂಗ್ಲಿಷ್ ಮಾತಾಡಬೇಕೆಂಬ ಆಸೆ. ಮಾತಾಡಿ ಏನು ಮಾಡಬೇಕು ಅನ್ನುವುದನ್ನು ಅವರು ಯೋಚಿಸಿರಲಿಲ್ಲ. ಒಂದೇ ಬೆಂಚಿನಲ್ಲಿ ಐದು ವರ್ಷ ಕೂತೆವು. ನನ್ನ ಬುತ್ತಿಯ ರೊಟ್ಟಿ ಅವಳಿಗೆ, ಅವಳ ಬಾಯಿಯ ಕಥೆ ನನಗೆ.

ಕಥೆ ಅಂದರೆ ದೊಡ್ಡಾಟದ್ದು, ಊರ ಬಯಲಿನಲ್ಲಿ ರಾತ್ರಿಯಿಡೀ ಆಡುವ ಬಯಲಾಟದ್ದು. ಅವಳಜ್ಜ ಊರಿನ ದೊಡ್ಡಾಟದ ಮಾಸ್ತರು. ಹೆಣ್ಣುಮಕ್ಕಳು ವೇಷ ಕಟ್ಟುವ ಹಾಗಿರಲಿಲ್ಲ. ಆದರೆ ತಾಲೀಮಿನಲ್ಲಿ ಅಜ್ಜನ ಬೆನ್ನಿಗೆ ಒರಗಿ ಕೂತು ಎಲ್ಲಾ ಪಾತ್ರದ ಮಾತನ್ನೂ ಕಲಿತಿದ್ದಳು. ನೋಡಿದವರಿಗೆ ಗೊತ್ತು, ದೊಡ್ಡಾಟದಲ್ಲಿ ರಾಜನಾಗಲಿ ರಾಕ್ಷಸನಾಗಲಿ ತಾನಾಗಿ ಬಂದು ಮಾತು ಶುರುಮಾಡುವುದಿಲ್ಲ. ಕುಣಿಯುತ್ತ ಬಂದು ನಿಲ್ಲುತ್ತಾನೆ. ಸಾರಥಿ ಎದುರಿಗೆ ನಿಂತು, "ಹೀಗೆ ಬರುವಂಥ ತಾವು ಯಾರು? ಯಾವ ದೇಶದವರು?" ಎಂದು ಕೇಳಬೇಕು. ಕೇಳಿದ ಮೇಲೆಯೇ ಪಾತ್ರಕ್ಕೆ ಬಾಯಿ.

ಎರಡನೆಯ ಮಹಾಯುದ್ಧ ಶುರುವಾದ ಮರುವರ್ಷ ನಮ್ಮ ಸರದಿ ಬಂತು. ಆ ಸಲದ ಪರೀಕ್ಷೆ ನೋಡಲು ಮದ್ರಾಸಿನಿಂದ ದೊಡ್ಡ ಮದರ್ ಬರುವವರಿದ್ದರು. ಚೆನ್ನಾಗಿ ಆಡಿದ ಒಬ್ಬಳಿಗೆ ಮದ್ರಾಸಿನ ಅವರ ಶಾಲೆಯಲ್ಲಿ ಫ್ರೀ ಸೀಟು, ಊಟ, ಬಟ್ಟೆ ಸಮೇತ. ನಮ್ಮೂರಿನಲ್ಲಿ ಆ ಕ್ಲಾಸಿನ ಮುಂದೆ ಓದು ಇರಲಿಲ್ಲ. ಸೀಟು ಸಿಗದಿದ್ದರೆ ನನ್ನ ಗೆಳತಿ ಅವ್ವನ ಜೊತೆ ಅಡಿಗೆಮನೆಯಲ್ಲಿ ಪಾತ್ರೆ ತಿಕ್ಕಬೇಕು, ಇಲ್ಲವೇ ನಾಗಲದಿನ್ನೆಗೆ ಹೋಗಿ ಕುರಿ ಕಾಯಬೇಕು. ನನ್ನ ದಾರಿ ಆಗಲೇ ತೀರ್ಮಾನವಾಗಿತ್ತು. ಗೋನೆಗಂಡ್ಲದ ಕಡೆಯವರು ಬಂದು ನೋಡಿ, ಮದುವೆಯ ಮಾತು ಮುಗಿದಿತ್ತು. "ಮಾತಾದ ಹುಡಿಗಿ ಮಂದಿ ಮುಂದ ಕುಣಿಯಾಂಗಿಲ್ಲ" ಅಂತ ಅಜ್ಜಿ ಅಪ್ಪಣೆ ಮಾಡಿದರು. ಅಪ್ಪನ ಅವ್ವ ಆಕೆ, ಆಕೆಯ ಮಾತಿಗೆ ಅಪ್ಪನೂ ತಿರುಗಿ ಮಾತಾಡುತ್ತಿರಲಿಲ್ಲ. ಸಿಸ್ಟರು ಮುಖ ಸಣ್ಣ ಮಾಡಿಕೊಂಡು ನನಗೊಬ್ಬಳಿಗೆ ಕಾಗದದ ಪರೀಕ್ಷೆ ಕೊಟ್ಟರು.

ಗೆಳತಿಗೆ ರಾಣಿಯ ಪಾತ್ರ. ಕಳೆದುಹೋದ ತಮ್ಮನನ್ನು ಹುಡುಕುತ್ತ ಪರದೇಶಕ್ಕೆ ಬರುವ ರಾಣಿ. ತಾಲೀಮು ನಮ್ಮ ಹತ್ತಿ ಗೋದಾಮಿನಲ್ಲಿ. ಹೊಸ ಹತ್ತಿ ಇನ್ನೂ ಬಂದಿರಲಿಲ್ಲ, ಖಾಲಿ ಗೋದಾಮಿನಲ್ಲಿ ಪಿಸುಗುಟ್ಟಿದರೂ ಗುಡುಗಿದಂತೆ ಕೇಳುತ್ತಿತ್ತು. ಮೊದಲ ಮೂರು ದಿನ ಅವಳು ಬರುವುದು, ನಿಲ್ಲುವುದು, ಗೀಟಿನ ಹತ್ತಿರ ಬಂದು ನಾಲಿಗೆ ಕಚ್ಚುವುದು.

"ನನಗ ಆಗೂದಿಲ್ಲ ಬೇ. ಬೆದರಿ ಬಾಯಾಗ ನೀರ ಆರ್ತಾವ."

ನಾಲ್ಕನೆಯ ದಿನ ಬೇಸತ್ತು, ಅವಳನ್ನು ನಗಿಸಲೆಂದೇ, ಮೂಲೆಯಲ್ಲಿದ್ದ ಕೋಲು ಹಿಡಿದು ಅವಳ ಬಲಮಗ್ಗುಲಿಗೆ ನಿಂತು ಗಂಟಲು ದಪ್ಪ ಮಾಡಿ ಕೇಳಿದೆ, "ಹೂ ಕಮ್ಸ್ ಹಿಯರ್? ಅಂಡ್ ಫ್ರಮ್ ವಾಟ್ ಕಂಟ್ರಿ?"

ಅವಳು ಒಂದು ಸಲ ಕಣ್ಣು ಮಿಟುಕಿಸಿದಳು. ಆಮೇಲೆ ಹಿಮ್ಮಡಿ ಕುಟ್ಟಿ ಎದೆ ಮುಂದೆ ಮಾಡಿ, "ಓ ಚಾರಿಯಟೀರ್!" ಎಂದಳು. ಸಾರಥಿಯನ್ನು ತಾನೇ ಇಂಗ್ಲಿಷಿಗೆ ತಿರುಗಿಸಿಕೊಂಡುಬಿಟ್ಟಿದ್ದಳು. ಆಮೇಲೆ ಮಾತು ಹೇಗೆ ಹರಿಯಿತು ಅಂತೀರಿ! ನಾನು ಯಾವ ವರ್ಬ್ ಎತ್ತಿ ಹಿಡಿದರೂ ದೊಡ್ಡಾಟದ ರಾಗದಲ್ಲಿ ಎಳೆದು ಹಿಡಿದು, ಪರ್ಫೆಕ್ಟು, ಕಂಡಿಷನಲ್ಲು, ಎಲ್ಲಿಯೂ ಮುಗ್ಗರಿಸಲಿಲ್ಲ.

ಗೋದಾಮಿನ ಕಾವಲಿನ ಮುದುಕ ಬೀಡಿ ಆರಿಸಿ ಬಾಗಿಲಿಗೆ ಬಂದು ನಿಂತ. "ಕ್ಯಾ ಬೇಟೀ, ಅಂಗ್ರೇಜಿ ಬಯಲಾಟ?"

"ತಿಳೀತೇನು ಮಾಮಾ?" ಎಂದೆ.

"ಬಾತ್ ಸಮಜ್ಯಾ ನೈ. ಆದ್ರ ರಾಣಿಗಿ ಸಿಟ್ಟು ಐತಿ, ಸಿಟ್ಟಿನ ಹಿಂದ ಅಳು ಐತಿ. ಓ ಮಾಲೂಮ್ ಪಡ್ಯಾ, ಅಷ್ಟು ತಿಳೀತು."

ನಮಗೆ ಅಷ್ಟು ಸರ್ಟಿಫಿಕೇಟು ಸಾಕಾಯಿತು. ಇಡೀ ತಿಂಗಳು ಹಾಗೇ ಆಡಿದೆವು. ನಾನು ಕೇಳುವುದು, ಅವಳು ಹೇಳುವುದು. ಮನೆಗೆ ಹೋಗುವಾಗ ದಾರಿಯಲ್ಲಿ ಅವಳು ನನ್ನನ್ನು ಸಾರಥಿ ಅಂತಲೇ ಕರೆಯುತ್ತಿದ್ದಳು. "ಸಾರಥಿ, ನಾಳಿಗಿ ಬರೂಮುಂದ ಹುಣಸಿಕಾಯಿ ತಾರಲೇ." ನಮ್ಮಿಬ್ಬರಿಗೂ ಒಂದು ಸಲವೂ ಹೊಳೆಯಲಿಲ್ಲ, ಸಿಸ್ಟರ ನಾಟಕದಲ್ಲಿ ಸಾರಥಿಯೇ ಇಲ್ಲ ಅಂತ.

ಆಟದ ದಿನ ಸಂಜೆ ನಾಲ್ಕಕ್ಕೆ ಕಾನ್ವೆಂಟಿನ ಬೇವಿನ ಮರದ ಕೆಳಗೆ ಕುರ್ಚಿ ಹಾಕಿದ್ದರು. ಮೊದಲ ಸಾಲಿನಲ್ಲಿ ದೊಡ್ಡ ಮದರ್, ದಪ್ಪ ಕನ್ನಡಕ, ತೊಡೆಯ ಮೇಲೆ ನೋಟುಬುಕ್ಕು. ಮೂರನೆಯ ಸಾಲಿನಲ್ಲಿ ನಾನು. ನನ್ನ ಎಡಕ್ಕೆ ಅಜ್ಜಿ, ಬಲಕ್ಕೆ ಗೋನೆಗಂಡ್ಲದಿಂದ ಬಂದಿದ್ದ, ನನಗೆ ಅತ್ತೆಯಾಗಲಿರುವವರು. ಸೊಸೆ ಓದಿದ ಶಾಲೆ ನೋಡಬೇಕೆಂದು ಆಕೆಗೆ ಆಸೆಯಾಗಿತ್ತು. ರೇಷ್ಮೆ ಸೀರೆಯೊಳಗೆ ನಾನು ಬೆವರುತ್ತ ಕೂತಿದ್ದೆ.

ಉಳಿದ ಹುಡುಗಿಯರು ಬಂದರು, ಆಡಿದರು, ಕೆಲವರು ತಪ್ಪಿದರು. ಆಮೇಲೆ ರಾಣಿ ಬಂದಳು. ಸಿಸ್ಟರ ಹಳೆಯ ಕಿಟಕಿ ಪರದೆಯೇ ಅವಳ ಮೇಲುವಸ್ತ್ರ. ಸಣ್ಣಗೆ ಹೆಜ್ಜೆ ಹಾಕುತ್ತ ನಟ್ಟನಡುವೆ ಬಂದು ನಿಂತಳು. ಎಷ್ಟು ಚೆಂದ ಬಂದಳು ಅಂದರೆ ಅಜ್ಜಿ ಕೂಡ "ಹ್ಞಾಂ" ಎಂದು ಸೆಟೆದು ಕೂತರು.

ಸಿಸ್ಟರು ರಟ್ಟು ಎತ್ತಿದರು. ರಾಣಿ ಮಾತಾಡಲಿಲ್ಲ.

ಅವಳು ರಟ್ಟನ್ನು ನೋಡಲೇ ಇಲ್ಲ. ಸ್ಟೇಜಿನ ಬಲಮಗ್ಗುಲನ್ನು ನೋಡುತ್ತಿದ್ದಳು. ಗೋದಾಮಿನಲ್ಲಿ ಕೋಲು ಹಿಡಿದು ನಾನು ನಿಲ್ಲುತ್ತಿದ್ದ ಜಾಗ. ಅಲ್ಲಿ ಗೋಡೆ ಬಿಟ್ಟು ಏನೂ ಇರಲಿಲ್ಲ. ಕತ್ತು ಸೆಟೆದು, ಗದ್ದ ಎತ್ತಿ, ಯಾರಾದರೂ ಕೇಳಲಿ ಅಂತ ಕಾಯುತ್ತಿದ್ದಾಳೆ. ನನಗೆ ಆ ಕ್ಷಣವೇ ಅರ್ಥವಾಯಿತು. ಸಿಸ್ಟರು ರಟ್ಟನ್ನು ಇನ್ನೂ ಮೇಲೆ ಎತ್ತಿದರು. ಮದರ್ ಕೈಗಡಿಯಾರ ನೋಡಿಕೊಂಡರು. ರಾಣಿಯ ಕಣ್ಣು ಗೋಡೆ ಬಿಟ್ಟು ಜನರ ಮೇಲೆ ಹರಿದು, ಸಾಲು ಸಾಲು ಹುಡುಕಿ, ನನ್ನ ಮೇಲೆ ಬಂದು ನಿಂತಿತು.

ಇಲ್ಲಿಯವರೆಗೆ ಈ ಕಥೆಯನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ಮುಂದೆ, "ನಾನು ಎದ್ದು ನಿಂತೆ" ಎಂದೇ ಹೇಳುತ್ತ ಬಂದಿದ್ದೇನೆ. ಹಾಗಾಗಲಿಲ್ಲ. ನಾನು ತಲೆ ಬಗ್ಗಿಸಿದೆ.

ಹೇಳಿಕೊಟ್ಟರೆ ಸೊನ್ನೆ ಅಂತ ಸಿಸ್ಟರೇ ಹೇಳಿರಲಿಲ್ಲವೇ, ಎದ್ದರೆ ಅವಳಿಗೇ ಹಾನಿ, ಅಂತ ಮನಸ್ಸಿಗೆ ಒಂದು ನೆಪ ಸಿಕ್ಕಿತು. ಆ ನೆಪದ ಕೆಳಗೆ ಇದ್ದದ್ದು ಬೇರೆ. ಅವಳು ಹೀಗೇ ಸುಮ್ಮನೆ ನಿಂತರೆ ಮದ್ರಾಸಿಗೆ ಹೋಗುವುದಿಲ್ಲ. ಗೋನೆಗಂಡ್ಲಕ್ಕೂ ನಾಗಲದಿನ್ನೆಗೂ ಎಷ್ಟು ದೂರ? ಎತ್ತಿನ ಗಾಡಿ ಕಟ್ಟಿದರೆ ಹೊತ್ತು ಮುಳುಗುವುದರೊಳಗೆ ಹೋಗಬಹುದು. ಅಮಾವಾಸ್ಯೆಗೋ ಹುಣ್ಣಿಮೆಗೋ ಹೊಳೆಗೆ ಹೋಗುವ ನೆವದಲ್ಲಿ ಅವಳನ್ನು ನೋಡಬಹುದು. ಅತ್ತೆಯ ಮನೆಯಲ್ಲಿ ನನ್ನ ಜೊತೆ ಯಾರು ಮಾತಾಡುತ್ತಾರೆ? ಇದೆಲ್ಲ ಒಂದು ಉಸಿರು ಎಳೆಯುವಷ್ಟು ಹೊತ್ತಿನಲ್ಲಿ ತಲೆಯೊಳಗೆ ಬಂತು. ಬಂದದ್ದನ್ನು ಬರಲಿಲ್ಲ ಅನ್ನಲಾರೆ. ಈ ವಯಸ್ಸಿನಲ್ಲಿ ಯಾಕೆ ಬಚ್ಚಿಡಲಿ?

ಆಗ ಅಜ್ಜಿ ಗಟ್ಟಿಯಾಗಿ, ಮುಂದಿನ ಎರಡು ಸಾಲಿಗೂ ಕೇಳುವ ಹಾಗೆ ಅಂದರು: "ಅಲ್ಲಬೇ, ಸಾರಥಿ ಎಲ್ಲಿ ಸತ್ತ?"

"ಅಜ್ಜೀ, ಸುಮ್ನಿರ್ರಿ," ಎಂದೆ.

"ಏನು ಸುಮ್ನಿರೂದು? ಪಾತ್ರ ಬಂದು ನಿಂತೈತಿ. ಕೇಳೋರು ದಿಕ್ಕಿಲ್ಲ. ಕೇಳದ ಹೆಂಗ ಮಾತಾಡ್ತೈತಿ ಅದು? ಈ ಬಿಳಿ ಅಮ್ಮಗೋಳಿಗೆ ಆಟದ ಕ್ರಮ ಗೊತ್ತಿಲ್ಲ."

ಒಂದಕ್ಷರ ಇಂಗ್ಲಿಷ್ ಬಾರದ ಅಜ್ಜಿ ಅವಳ ನಿಲುವು ನೋಡಿಯೇ ತಿಳಿದುಕೊಂಡಿದ್ದರು. ನನ್ನ ಪಕ್ಕೆಗೆ ಮೊಣಕೈಯಿಂದ ತಿವಿದರು. "ನಿನಗ ಬರ್ತೈತಲ್ಲ ಆ ಮಾತು? ಏಳು, ಕೇಳು."

"ಮಂದಿ ಮುಂದ ಬ್ಯಾಡ ಅಂದಿದ್ರಿ."

"ಕುಣಿಬ್ಯಾಡ ಅಂದಿದ್ದೆ. ಕೇಳಬ್ಯಾಡ ಅಂದಿದ್ನೇನು?"

ಎದ್ದೆ. ಎದ್ದೆ ಅನ್ನುವುದಕ್ಕಿಂತ ಎಬ್ಬಿಸಲ್ಪಟ್ಟೆ ಅನ್ನುವುದೇ ಸರಿ. ಸಿಸ್ಟರು ತಿರುಗಿ ನೋಡಿ ತುಟಿಯ ಮೇಲೆ ಬೆರಳಿಟ್ಟರು. ನಾನು ಬೇವಿನ ಮರದ ಕಡೆ ನೋಡುತ್ತ, ಗೋದಾಮಿನ ಗಂಟಲಿನಲ್ಲಿ ಕೂಗಿದೆ.

"ಹೂ ಕಮ್ಸ್ ಹಿಯರ್? ಅಂಡ್ ಫ್ರಮ್ ವಾಟ್ ಕಂಟ್ರಿ?"

"ಓ ಚಾರಿಯಟೀರ್!" ಎಂದಳು ರಾಣಿ. ಹಿಮ್ಮಡಿಯ ಪೆಟ್ಟಿಗೆ ಹಲಗೆಯ ಧೂಳು ಎದ್ದಿತು. ಈಗ ರಟ್ಟನ್ನು ನೋಡಿದಳು. ಒಂದು ಕ್ಷಣವೂ ತಡೆಯಲಿಲ್ಲ. "ಹ್ಯಾಡ್ ಐ ನೋನ್ ಹೌ ಲಾಂಗ್ ದ ರೋಡ್ ವಾಸ್, ಐ ವುಡ್ ಸ್ಟಿಲ್ ಹ್ಯಾವ್ ಕಮ್!" ದಾರಿ ಎಷ್ಟು ದೂರ ಅಂತ ಮೊದಲೇ ಗೊತ್ತಿದ್ದರೂ ಬಂದೇ ಬರುತ್ತಿದ್ದೆ, ಎಂದು. ಮುಖವೂ ಹಾಗೇ ಇತ್ತು, ದೂರ ನಡೆದು ದಣಿದು, ಆದರೂ ತಿರುಗಿ ಹೋಗದವರ ಮುಖ.

ಮದರ್ ನೋಟುಬುಕ್ಕಿನಿಂದ ತಲೆ ಎತ್ತಿ, "ಸಿಸ್ಟರ್, ನಾಟಕದಲ್ಲಿ ಸಾರಥಿ ಇದ್ದಾನೆಯೇ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಸಿಸ್ಟರು ನನ್ನನ್ನು ನೋಡಿದರು, ಅಜ್ಜಿಯನ್ನು ನೋಡಿದರು. ಅವರ ಮೂಗಿನ ಜೊತೆಗೆ ಕೆನ್ನೆಯೂ ಕೆಂಪಾಯಿತು. "ದೇರ್ ಈಸ್ ನೌ, ಮದರ್," ಎಂದರು. ಈಗ ಇದ್ದಾನೆ. ಹೇಳಿ, ರಟ್ಟುಗಳ ಕಟ್ಟನ್ನು ಅರ್ಧ ತಿರುಗಿಸಿ, ಒಂದನ್ನು ನನ್ನ ಕಡೆಗೂ ಎತ್ತಿ ಹಿಡಿದರು. ಉತ್ತರ ಬಾಯಲ್ಲಿ ಇಟ್ಟರೆ ಅದು ಹೇಳಿಕೊಟ್ಟ ಹಾಗೆ, ಪ್ರಶ್ನೆ ಕೇಳಿದರೆ ಕಷ್ಟ ಹೆಚ್ಚೇ ಹೊರತು ಕಡಿಮೆಯಲ್ಲ ಅಂತ ಆಮೇಲೆ ಮದರ್ ಜೊತೆ ವಾದಿಸಿದರಂತೆ.

ಆ ಹತ್ತು ನಿಮಿಷ! ಮೂರನೆಯ ಸಾಲಿನಲ್ಲಿ ರೇಷ್ಮೆ ಸೀರೆ ಉಟ್ಟ ನಾನು, ಮೇಲೆ ಪರದೆ ಹೊದ್ದ ಅವಳು. ನಾನು ಕೇಳುತ್ತಿದ್ದೆ, ಅವಳು ಹೇಳುತ್ತಿದ್ದಳು. ಎಲ್ಲಿ ತಂಗಿದ್ದೆ, ಯಾರು ನೀರು ಕೊಟ್ಟರು, ತಮ್ಮ ಸಿಗದಿದ್ದರೆ ಏನು ಮಾಡುತ್ತೀಯೆ? ಯಾವುದು ಸಿಸ್ಟರು ಬರೆದ ಮಾತು, ಯಾವುದು ನಮ್ಮದು ಅಂತ ನಮಗೇ ತಿಳಿಯಲಿಲ್ಲ. ಆಮೇಲೆ ಎಷ್ಟೋ ವರ್ಷ ಬಾಳಿದೆ, ಮಕ್ಕಳಾದವು, ಒಳ್ಳೆಯ ಮನೆ, ಒಳ್ಳೆಯ ಜನ. ಆದರೆ ನಾನು ಕೇಳಿದ್ದಕ್ಕೆ ಅಷ್ಟು ಪೂರ್ತಿಯಾಗಿ ಯಾರೂ ಉತ್ತರ ಕೊಟ್ಟಿಲ್ಲ.

ನಾನು ಕೂತಾಗ ಅತ್ತೆಯಾಗುವವರು, "ಪಿಲ್ಲಕಿ ಗೊಂತುಂದಿ," ಎಂದರು ತೆಲುಗಿನಲ್ಲಿ. ಹುಡುಗಿಗೆ ಗಂಟಲಿದೆ. ಹೊಗಳಿಕೆಯೋ ಚುಚ್ಚುವುದೋ ಗೊತ್ತಾಗಲಿಲ್ಲ.

"ಐತಿ ಮತ್ತ," ಎಂದರು ಅಜ್ಜಿ. "ನಿಮ್ಮ ಮನಿ ದೊಡ್ಡದಂತ, ಆ ಗೋಡಿಯಿಂದ ಈ ಗೋಡೀಗೆ ಕೇಳಬೇಕಲ್ಲ."

ಸೀಟು ನನ್ನ ಗೆಳತಿಗೇ ಸಿಕ್ಕಿತು. ಸಿಸ್ಟರು ಮಾರ್ಕಿನ ಪುಸ್ತಕದಲ್ಲಿ ಕೊನೆಯ ಸಾಲಿಗೆ ನನ್ನನ್ನೂ ಸೇರಿಸಿ, ಪಾತ್ರದ ಕಡೆ 'ಚಾರಿಯಟೀರ್' ಅಂತ ಬರೆದು ಪೂರಾ ಮಾರ್ಕು ಹಾಕಿದ್ದರು. ಕರೆದು ತೋರಿಸಿದರು. ಅದನ್ನು ತಗೊಂಡು ಎಲ್ಲಿಗೂ ಹೋಗುವ ಹಾಗಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಅವಳು ಹೊರಟ ದಿನ ಹೊಸ ಹತ್ತಿಯ ಗಾಡಿಗಳು ಸ್ಟೇಷನ್ ರಸ್ತೆಯ ಉದ್ದಕ್ಕೂ ನಿಂತಿದ್ದವು. ಬೇಲಿಗಳ ಮೇಲೆಲ್ಲ ಹತ್ತಿಯ ಎಳೆ ಹಾರಿ ಕೂತಿತ್ತು. ಬೆಳಗಿನ ಮದ್ರಾಸ್ ಮೇಲ್ ರೈಲು. ಅಜ್ಜಿಯೇ ಜಟಕಾ ಕೊಟ್ಟು ಕಳಿಸಿದ್ದರು. ದಾರಿಗೆ ಬೇಕೆಂದು ಶೇಂಗಾ ಉಂಡೆ ಮಾಡಿ ಬಟ್ಟೆಯಲ್ಲಿ ಕಟ್ಟಿ ನನ್ನ ಕೈಯಲ್ಲಿ ಇಟ್ಟಿದ್ದರು. ಅವಳವ್ವ ಕಂಬಕ್ಕೆ ಒರಗಿ ಅಳುತ್ತಿದ್ದಳು. ಮದ್ರಾಸಿಗೆ ಹೋಗುವ ಇನ್ನೊಬ್ಬ ಸಿಸ್ಟರು ಅವಳನ್ನು ಡಬ್ಬಿಯೊಳಗೆ ಹತ್ತಿಸಿದರು. ಅವಳು ಕಿಟಕಿಯ ಸರಳಿನಿಂದ ಕೈ ಹೊರಗೆ ಚಾಚಿದಳು.

"ಸಾರಥಿ," ಎಂದಳು. "ಆವತ್ತು ನೀ ಎದ್ದು ಕೇಳದಿದ್ರ ನಾ ಅಲ್ಲೇ ಕಲ್ಲಾಗಿ ನಿಂತಿರ್ತಿದ್ದೆ. ಅಷ್ಟು ಮಂದ್ಯಾಗ, ನಿಮ್ಮ ಅತ್ತಿ ಮುಂದ, ಹೆಂಗ ಎದ್ದೆಲೇ? ನಾ ಸಾಯೂತನಕ ಮರಿಯಾಂಗಿಲ್ಲ."

ನಾನು ತಲೆ ಬಗ್ಗಿಸಿದ್ದನ್ನು ಅವಳು ಕಂಡಿದ್ದಳೋ, ಕಂಡೂ ಹೀಗಂದಳೋ, ಇಂದಿಗೂ ಗೊತ್ತಿಲ್ಲ. ಹೇಳಬೇಕೆಂದು ಬಾಯಿ ತೆರೆದೆ. ಅಜ್ಜಿ ತಿವಿದದ್ದರಿಂದ ಎದ್ದೆ, ನೀನು ಇಲ್ಲೇ ಉಳೀಬೇಕು ಅಂತ ಕೂತಿದ್ದೆ ಅಂತ. ಮಾತು ಬರಲಿಲ್ಲ. ಬೇರೆ ಏನಾದರೂ ಕೇಳೋಣವೆಂದರೆ, ಪಾತ್ರ ಬಂದಾಗ ಕೇಳುವ ಮಾತೆಲ್ಲ ನನಗೆ ಬಾಯಿಪಾಠ, ಪಾತ್ರ ಹೋಗುವಾಗ ಕೇಳುವ ಮಾತನ್ನು ಅವಳು ನನಗೆ ಕಲಿಸಿರಲಿಲ್ಲ. ದೊಡ್ಡಾಟದಲ್ಲಿ ಅಂಥದ್ದೊಂದು ಇರಲೇ ಇಲ್ಲವೋ ಏನೋ. ಅವಳು ಗದ್ದ ಎತ್ತಿ, ಕತ್ತು ಸೆಟೆದು, ನಾನು ಏನಾದರೂ ಅನ್ನಲಿ ಅಂತ ಕಾದಳು. ಗಾರ್ಡು ಸೀಟಿ ಊದಿದ.

ಮೊದಲ ವರ್ಷ ಮೂರು ಕಾಗದ ಬಂದವು, ಮೂರೂ ಗೋನೆಗಂಡ್ಲದ ವಿಳಾಸಕ್ಕೆ, 'ಓ ಚಾರಿಯಟೀರ್' ಎಂದೇ ಶುರು. ಆಮೇಲೆ ಅವಳವ್ವನೂ ಕೆಲಸ ಬಿಟ್ಟು ಮಗಳಿದ್ದಲ್ಲಿಗೆ ಹೋದಳು, ಸಿಸ್ಟರು ಸಮುದ್ರ ದಾಟಿ ತಮ್ಮ ಊರಿಗೆ ಹೋದರು, ಕೇಳುವುದಕ್ಕೆ ನನಗೆ ಯಾರೂ ಉಳಿಯಲಿಲ್ಲ.

ಆ ಬೆಳಿಗ್ಗೆ ರೈಲು ಹೊರಟು ಪ್ಲಾಟ್‌ಫಾರಂ ಖಾಲಿಯಾಗುವವರೆಗೂ ನಾನು ಬೆಂಚಿನ ಮೇಲೆ ಕೂತಿದ್ದೆ. ಜಟಕಾದವನು ಬಂದು, "ಅಕ್ಕಾರ, ಗಾಡಿ ಹೋಗಿ ಆಗಲೇ ಹೊತ್ತಾತು. ಏನ್ ನೋಡಾಕತ್ತೀರಿ?" ಎಂದು ಕೇಳಿದ. ಹಳಿಯ ಕಡೆ ನಾನು ಒಮ್ಮೆಯೂ ನೋಡಿರಲಿಲ್ಲ. ಕೊಡಲು ಮರೆತ ಉಂಡೆಯ ಗಂಟು ತೊಡೆಯ ಮೇಲೆ ಇತ್ತು. ಅದನ್ನು ಬಿಚ್ಚುತ್ತ, ಮತ್ತೆ ಕಟ್ಟುತ್ತ ಕೂತಿದ್ದೆ.